ಚಿತ್ರವನ್ನು ತಿದ್ದೋಣ, ಹಕ್ಕಿಯನ್ನಲ್ಲ: ಹತ್ತನೇ ತರಗತಿಯ ಬೆಳಕಿನ ಪಾಠಕ್ಕೆ ಪಕ್ಷಿ ಛಾಯಾಗ್ರಹಣ

ಪೀಠಿಕೆ

ಹತ್ತನೇ ತರಗತಿಯ ವಿಜ್ಞಾನದಲ್ಲಿ ಬೆಳಕಿನ ಪ್ರತಿಫಲನ ಮತ್ತು ವಕ್ರೀಭವನದ ಅಧ್ಯಾಯವೂ ಮಾನವನ ಕಣ್ಣು ಮತ್ತು ವರ್ಣಮಯ ಜಗತ್ತಿನ ಅಧ್ಯಾಯವೂ ಒಂದರ ಹಿಂದೆ ಒಂದು ಬರುತ್ತವೆ. ಮಸೂರದ ಸೂತ್ರ, ವರ್ಧನೆ, ಬೆಳಕಿನ ಚದುರುವಿಕೆ, ವಾತಾವರಣದ ವಕ್ರೀಭವನ ಇವನ್ನು ಮಕ್ಕಳು ಪರೀಕ್ಷೆಗಾಗಿ ಕಲಿಯುತ್ತಾರೆ, ಲೆಕ್ಕವನ್ನೂ ಬಿಡಿಸುತ್ತಾರೆ. ಆದರೆ ಮನೆಯ ಮೊಬೈಲಿನ ಹಿಂಬದಿಯಲ್ಲಿರುವ ಗಾಜಿನ ಚುಕ್ಕಿಯೂ ಅದೇ ಸೂತ್ರಕ್ಕೆ ಒಳಪಟ್ಟ ಮಸೂರ ಎಂಬುದು ಅವರ ಮನಸ್ಸಿಗೆ ಬರುವುದಿಲ್ಲ. ಇನ್ನೊಂದು ಕಡೆ, ಮೊಬೈಲಿನಲ್ಲಿ ತೆಗೆದ ಚಿತ್ರಕ್ಕೆ ಬಣ್ಣ ಏರಿಸುವುದು, ಬೇಡದ್ದನ್ನು ಅಳಿಸುವುದು ಹತ್ತನೇ ತರಗತಿಯ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಹಾಗೆ ಮಾಡಿದಾಗ ಚಿತ್ರದಲ್ಲಿ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂದು ಅವರನ್ನು ಯಾರೂ ಕೇಳಿರುವುದಿಲ್ಲ.

ಈ ಎರಡು ಅಂತರಗಳನ್ನು ಒಂದೇ ಚಟುವಟಿಕೆಯಿಂದ ತುಂಬಲು ಮಳವಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಕೈಗೊಂಡ ಮೂರು ಅವಧಿಗಳ ಪಾಠಘಟಕದ ವಿವರಣೆ ಈ ಲೇಖನ. ಕಾಡುಹಕ್ಕಿಯ ಚಿತ್ರ ತೆಗೆಯುವುದು, ಆ ಚಿತ್ರವನ್ನು ಸುಧಾರಿಸುವುದು ಇದರ ವಸ್ತು. ಇದರ ಮೂಲಕ ಹೇಳಬೇಕಾದ ಮಾತು ಒಂದೇ: ಚಿತ್ರ ಸುಧಾರಣೆ ಎಂದರೆ ಬೆಳಕು ತಂದ ಮಾಹಿತಿಯನ್ನು ಕಣ್ಣಿಗೆ ಕಾಣುವಂತೆ ಮಾಡುವುದು, ಬೆಳಕು ತಾರದ್ದನ್ನು ಸೇರಿಸುವುದಲ್ಲ, ತಂದದ್ದನ್ನು ಅಳಿಸುವುದೂ ಅಲ್ಲ.

ಸ್ಥಳೀಯ ಸಂದರ್ಭ

ಈ ವಿಷಯಕ್ಕೆ ಮಂಡ್ಯ ಜಿಲ್ಲೆಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ. ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸಾರ್ ತಾಣವಾಯಿತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಕಥೆ ಇದಕ್ಕಿಂತ ಭಿನ್ನ. ಶಿಂಷಾ ನದಿಗೆ ಹತ್ತಿರದ ಆ ಊರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮತ್ತು ಆಲದ ಜಾತಿಯ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿನತ್ತ ಹೊರಗಿನವರ ಗಮನ ಸೆಳೆದರು. ಹಕ್ಕಿ ಗೂಡು ಕಟ್ಟಿದ ಮರದ ಹುಣಸೆಯನ್ನು ಬಡಿಯದೆ ಬಿಡುವ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸವನ್ನು ಊರಿನ ಹೆಜ್ಜಾರ್ಲೆ ಬಳಗ ಮಾಡಿಕೊಂಡು ಬಂದಿದೆ. ಮರದಡಿ ಬೀಳುವ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು.

ಅಂದರೆ ಇಲ್ಲಿ ಹಕ್ಕಿಯ ಚಿತ್ರ ತೆಗೆಯುವವನು ಯಾರದೋ ಹಿತ್ತಿಲಲ್ಲಿ, ಯಾರದೋ ಮರದ ಕೆಳಗೆ ನಿಂತಿರುತ್ತಾನೆ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತಾಗ ಮರಣೋತ್ತರ ಪರೀಕ್ಷೆಯಲ್ಲಿ ಜಂತುಹುಳುವಿನ ಬಾಧೆ ಕಂಡುಬಂದಿತ್ತು. ಇಂಥ ಹೊತ್ತಿನಲ್ಲಿ ದಿನಾಂಕವಿರುವ, ತಿರುಚದ ಒಂದು ಚಿತ್ರ ದಾಖಲೆಯಾಗುತ್ತದೆ. ರೆಕ್ಕೆ ಜೋತು ಬಿದ್ದಿತ್ತೇ, ಕತ್ತು ಬಾಗಿತ್ತೇ, ಮರಿಗಳು ಯಾವ ಹಂತದಲ್ಲಿದ್ದವು ಎಂಬುದನ್ನು ಅದು ಹೇಳಬಲ್ಲುದು. ಅಂದಗಾಣಿಸಿದ ಚಿತ್ರ ಹೇಳಲಾರದು. ಮಕ್ಕಳಿಗೆ ಪಾಠದ ಮಹತ್ವ ತಿಳಿಸಲು ಈ ಒಂದು ಉದಾಹರಣೆ ಸಾಕಾಗುತ್ತದೆ.

ಎಲ್ಲ ಶಾಲೆಗಳೂ ಕೊಕ್ಕರೆ ಬೆಳ್ಳೂರಿಗೆ ಹೋಗಲಾಗದು, ಹೋಗಬೇಕಾಗಿಯೂ ಇಲ್ಲ. ಶಾಲೆಯ ಪಕ್ಕದ ಗದ್ದೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ನಡೆಯುವ ಬೆಳ್ಳಕ್ಕಿ, ಕರೆಂಟ್ ತಂತಿಯ ಮೇಲೆ ಕೂತ ಕಾಜಾಣ, ನಾಲೆಯ ಏರಿಯ ಮಿಂಚುಳ್ಳಿ ಇಷ್ಟಿದ್ದರೆ ಪಾಠ ನಡೆಯುತ್ತದೆ. ಈ ಘಟಕದ ಹೊರಾಂಗಣ ಅವಧಿ ನಡೆದದ್ದೂ ಗದ್ದೆಯ ಬದುವಿನ ಮೇಲೆಯೇ.

ಕಲಿಕಾ ಉದ್ದೇಶಗಳು

ಘಟಕದ ಕೊನೆಗೆ ವಿದ್ಯಾರ್ಥಿಯು,
1. ಮಸೂರದ ಸೂತ್ರವನ್ನು ಬಳಸಿ ಕ್ಯಾಮೆರಾದಲ್ಲಿ ಮೂಡುವ ಪ್ರತಿಬಿಂಬದ ಎತ್ತರವನ್ನು ಲೆಕ್ಕ ಹಾಕುವನು.
2. ದಿನದ ಹೊತ್ತು, ಹಿನ್ನೆಲೆ ಮತ್ತು ಚಲನೆ ಚಿತ್ರದ ಮೇಲೆ ಬೀರುವ ಪರಿಣಾಮವನ್ನು ಬೆಳಕಿನ ನಿಯಮಗಳಿಂದ ವಿವರಿಸುವನು.
3. ಚಿತ್ರ ಸುಧಾರಣೆಯ ಮುಖ್ಯ ಹಂತಗಳನ್ನು ಸಂಖ್ಯೆಗಳ ಮೂಲಕ ತೋರಿಸುವನು.
4. ಸುಧಾರಣೆಗೂ ತಿರುಚುವಿಕೆಗೂ ಇರುವ ವ್ಯತ್ಯಾಸವನ್ನು ಕಾರಣಸಹಿತ ಹೇಳುವನು.
5. ಗೂಡುಕಟ್ಟುವ ಹಕ್ಕಿಯ ಬಳಿ ಹೇಗೆ ನಡೆದುಕೊಳ್ಳಬೇಕೆಂದು ಅರಿತು ಪಾಲಿಸುವನು.

ಬೇಕಾದ ಸಾಮಗ್ರಿ: ಶಿಕ್ಷಕರ ಒಂದು ಮೊಬೈಲ್, ಒಂದು ದುರ್ಬೀನು (8×40 ಆದರೆ ಉತ್ತಮ), ಅಳತೆಪಟ್ಟಿ, ಚೌಕಳಿ ಹಾಳೆ, ಶಾಲೆಯಲ್ಲಿದ್ದರೆ ಒಂದು ಕಂಪ್ಯೂಟರ್. ಮಕ್ಕಳು ಮೊಬೈಲ್ ತರುವ ಅಗತ್ಯವಿಲ್ಲ.

ಮೊದಲ ಅವಧಿ: ಹಕ್ಕಿ ಏಕೆ ಇಷ್ಟು ಚಿಕ್ಕದಾಗಿ ಬಂತು?

ಮೊಬೈಲಿನಲ್ಲಿ ಹಕ್ಕಿಯ ಚಿತ್ರ ತೆಗೆದವರ ಮೊದಲ ದೂರು ಇದೇ. ಕಣ್ಣಿಗೆ ದೊಡ್ಡದಾಗಿ ಕಂಡ ಕೊಕ್ಕರೆ ಚಿತ್ರದಲ್ಲಿ ಬಿಳಿ ಚುಕ್ಕಿಯಾಗಿರುತ್ತದೆ. ಪಾಠವನ್ನು ಈ ಪ್ರಶ್ನೆಯಿಂದಲೇ ಆರಂಭಿಸಿ, ಉತ್ತರವನ್ನು ಕಪ್ಪುಹಲಗೆಯ ಮೇಲೆ ಲೆಕ್ಕದಿಂದ ಕಂಡುಕೊಳ್ಳಲಾಯಿತು.

ಬಣ್ಣದ ಕೊಕ್ಕರೆಯ ಎತ್ತರ ಸುಮಾರು 1 ಮೀಟರ್. ಅದು 20 ಮೀಟರ್ ದೂರದ ಮರದಲ್ಲಿದೆ ಎನ್ನೋಣ. ಮೊಬೈಲ್ ಮಸೂರದ ಸಂಗಮದೂರ 5 ಮಿ.ಮೀ. ಎಂದಿಟ್ಟುಕೊಳ್ಳೋಣ. ಮಸೂರದ ಸೂತ್ರದಂತೆ ಪ್ರತಿಬಿಂಬದ ದೂರ 5.00125 ಮಿ.ಮೀ., ಅಂದರೆ ಹೆಚ್ಚುಕಡಿಮೆ ಸಂಗಮದೂರದಷ್ಟೇ. ವರ್ಧನೆ −1/4000. ಋಣ ಚಿಹ್ನೆ ಪ್ರತಿಬಿಂಬ ತಲೆಕೆಳಗಾಗಿದೆ ಎಂದು ಹೇಳುತ್ತದೆ. 1 ಮೀಟರಿನ ಹಕ್ಕಿ ಸೆನ್ಸರ್ ಮೇಲೆ 0.25 ಮಿ.ಮೀ. ಆಗಿ ಮೂಡುತ್ತದೆ. ಒಂದೊಂದು ಪಿಕ್ಸೆಲ್ 1 ಮೈಕ್ರೋಮೀಟರ್ ಅಗಲವಿದ್ದರೆ ಇಡೀ ಕೊಕ್ಕರೆಗೆ ಸಿಗುವುದು 250 ಪಿಕ್ಸೆಲ್ ಎತ್ತರ.

ಇದೇ ಲೆಕ್ಕವನ್ನು ಗುಂಪುಗಳು ಬೇರೆ ಬೇರೆ ದೂರಕ್ಕೆ ಮಾಡಿದವು. 40 ಮೀಟರಿಗೆ 125 ಪಿಕ್ಸೆಲ್, 10 ಮೀಟರಿಗೆ 500, 5 ಮೀಟರಿಗೆ 1000. ದೂರ ಅರ್ಧವಾದರೆ ಪ್ರತಿಬಿಂಬ ಇಮ್ಮಡಿ ಎಂಬ ನಿಯಮವನ್ನು ಮಕ್ಕಳೇ ಹೇಳಿದರು. ಕೂಡಲೇ ಬರುವ ತೀರ್ಮಾನ, ಹಾಗಾದರೆ ಹತ್ತಿರ ಹೋಗೋಣ ಎಂಬುದು. ಇದನ್ನು ಅಲ್ಲೇ ತಡೆಯದೆ ಹಲಗೆಯ ಮೂಲೆಯಲ್ಲಿ ಬರೆದಿಟ್ಟು, ಭೌತಶಾಸ್ತ್ರ ಕೊಡುವ ಇನ್ನೊಂದು ದಾರಿಯನ್ನು ಹುಡುಕಲು ಬಿಡಬೇಕು. ದೂರ ಕಡಿಮೆ ಮಾಡದೆ ವರ್ಧನೆ ಹೆಚ್ಚಿಸುವುದು ಆ ದಾರಿ. 8 ಪಟ್ಟು ವರ್ಧಿಸುವ ದುರ್ಬೀನಿನ ಕಣ್ಣುಗಾಜಿಗೆ ಮೊಬೈಲ್ ಮಸೂರವನ್ನು ನೇರವಾಗಿ ಹಿಡಿದರೆ, 20 ಮೀಟರಿನಲ್ಲೇ ನಿಂತು 250ರ ಬದಲು ಸುಮಾರು 2000 ಪಿಕ್ಸೆಲ್ ಸಿಗುತ್ತದೆ. ಗಾಜಿನ ದೋಷ, ಕೈನಡುಕಗಳಿಂದ ಸ್ಪಷ್ಟತೆ ಸ್ವಲ್ಪ ಕಡಿಮೆಯಾದರೂ ವ್ಯತ್ಯಾಸ ಎದ್ದು ಕಾಣುತ್ತದೆ. ದುರ್ಬೀನನ್ನು ಕಂಬಕ್ಕೋ ಕಿಟಕಿಯ ಸರಳಿಗೋ ಒರಗಿಸಿದರೆ ನಡುಕ ಕಡಿಮೆಯಾಗುತ್ತದೆ.

ತೆರೆಯ ಮೇಲೆ ಎರಡು ಬೆರಳು ಅಗಲಿಸಿ ದೊಡ್ಡದು ಮಾಡುವುದು ಇದಕ್ಕೆ ಸಮವಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅದರಿಂದ ಇರುವ 250 ಪಿಕ್ಸೆಲ್‌ಗಳೇ ಹಿಗ್ಗುತ್ತವೆ. ಚೌಕಳಿ ಹಾಳೆಯಲ್ಲಿ ಬರೆದ ಚಿಕ್ಕ ಚಿತ್ರವನ್ನು ದೊಡ್ಡ ಚೌಕಗಳಿಗೆ ನಕಲು ಮಾಡಿಸಿದರೆ ಮಕ್ಕಳಿಗೆ ಇದು ಮನದಟ್ಟಾಗುತ್ತದೆ.

ಎರಡನೇ ಅವಧಿ: ಹೊತ್ತು, ಹಿನ್ನೆಲೆ, ಚಲನೆ

ಈ ಅವಧಿ ಶಾಲೆಯ ಹೊರಗೆ. ಬೆಳಗಿನ ಮೊದಲ ಅವಧಿಯನ್ನೇ ಕೇಳಿ ಪಡೆಯುವುದು ಒಳ್ಳೆಯದು. ಸೂರ್ಯ ಕೆಳಗಿರುವಾಗ ಬೆಳಕು ವಾತಾವರಣದಲ್ಲಿ ಹೆಚ್ಚು ದೂರ ಸಾಗಿ ಬರುತ್ತದೆ, ನೀಲಿ ಹೆಚ್ಚು ಚದುರಿ ಹೋಗಿ ಹೊಂಬಣ್ಣ ಉಳಿಯುತ್ತದೆ. ಪಕ್ಕದಿಂದ ಬೀಳುವುದರಿಂದ ಗರಿಗಳ ಉಬ್ಬುತಗ್ಗು ಕಾಣುತ್ತದೆ. ನಡುಹಗಲಿನಲ್ಲಿ ಬಿಳಿ ಗರಿ ಕಣ್ಣು ಕುಕ್ಕುತ್ತದೆ, ಹೊಟ್ಟೆಯ ಭಾಗ ಕಪ್ಪಾಗುತ್ತದೆ. ಜೊತೆಗೆ ಕಾದ ನೆಲದ ಮೇಲಿನ ಗಾಳಿಯ ವಕ್ರೀಭವನಾಂಕ ಕ್ಷಣಕ್ಷಣಕ್ಕೂ ಬದಲಾಗಿ ದೂರದ ಹಕ್ಕಿ ನಡುಗಿದಂತೆ ಕಾಣುತ್ತದೆ. ಒಲೆಯ ಮೇಲಿನ ಗಾಳಿಯ ಮೂಲಕ ನೋಡಿದಾಗ ವಸ್ತು ಅಲುಗಿದಂತೆ ಕಾಣುವ ಪುಸ್ತಕದ ಉದಾಹರಣೆ ಇಲ್ಲಿ ಕಣ್ಣೆದುರೇ ಇರುತ್ತದೆ. ಈ ಮಸುಕನ್ನು ಯಾವ ತಂತ್ರಾಂಶವೂ ಪೂರ್ತಿ ತೆಗೆಯಲಾರದು. ಬೆಳಿಗ್ಗೆ ಬರುವುದೇ ಅದಕ್ಕೆ ಮದ್ದು.

ಹಿನ್ನೆಲೆಯ ಪಾಠಕ್ಕೆ ಕಾಜಾಣ ಮತ್ತು ಬೆಳ್ಳಕ್ಕಿ ಹೇಳಿ ಮಾಡಿಸಿದ ಜೋಡಿ. ಕ್ಯಾಮೆರಾ ತಾನು ನೋಡಿದ್ದರ ಸರಾಸರಿಯನ್ನು ಮಧ್ಯಮ ಬೂದು ಹೊಳಪಿಗೆ ತರಲು ನೋಡುತ್ತದೆ. ತಂತಿಯ ಮೇಲಿನ ಕಾಜಾಣದ ಹಿಂದೆ ಬೆಳ್ಳಗಿನ ಆಕಾಶವಿದ್ದರೆ ಕ್ಯಾಮೆರಾ ಇಡೀ ಚಿತ್ರವನ್ನು ಕತ್ತಲಾಗಿಸುತ್ತದೆ, ಹಕ್ಕಿ ಬರೀ ನೆರಳಾಗುತ್ತದೆ. ಹಸಿರು ಗದ್ದೆಯ ಅಥವಾ ಗಾಢ ಹುಣಸೆ ಮರದ ಮುಂದಿನ ಬೆಳ್ಳಕ್ಕಿಗೆ ಇದರ ವಿರುದ್ಧ ಆಗುತ್ತದೆ. ಕ್ಯಾಮೆರಾ ಹೊಳಪು ಏರಿಸಿ ಗರಿಯನ್ನು ಸುಣ್ಣದ ಗೋಡೆಯಂತೆ ಮಾಡುತ್ತದೆ. ತೆರೆಯ ಮೇಲೆ ಹಕ್ಕಿಯನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕಾಜಾಣಕ್ಕೆ ಮೇಲಕ್ಕೂ ಬೆಳ್ಳಕ್ಕಿಗೆ ಕೆಳಕ್ಕೂ ಎಳೆಯಬೇಕು. ಯಾವುದನ್ನು ಎತ್ತ ಎಳೆಯಬೇಕೆಂದು ಮಕ್ಕಳು ಮೊದಲೇ ಊಹಿಸಿ, ಆಮೇಲೆ ಚಿತ್ರ ತೆಗೆದು ನೋಡಬೇಕು.

ಚಲನೆಗೆ ಒಂದು ಸರಳ ಲೆಕ್ಕ. ಅಡ್ಡಲಾಗಿ ಹಾರುವ ಹಕ್ಕಿಯ ವೇಗ ಸೆಕೆಂಡಿಗೆ 10 ಮೀಟರ್ ಎಂದುಕೊಂಡರೆ, 1/100 ಸೆಕೆಂಡಿನಲ್ಲಿ ಅದು 10 ಸೆಂ.ಮೀ. ಸರಿಯುತ್ತದೆ, 1/1000 ಸೆಕೆಂಡಿನಲ್ಲಿ 1 ಸೆಂ.ಮೀ. ಹಿಂದಿನ ಅವಧಿಯ 20 ಮೀಟರ್ ದೂರದ ಲೆಕ್ಕದಲ್ಲಿ ಇದು ಕ್ರಮವಾಗಿ 25 ಪಿಕ್ಸೆಲ್ ಮತ್ತು 2.5 ಪಿಕ್ಸೆಲ್ ಮಸುಕು. ಶಟರ್ ವೇಗ ಹತ್ತು ಪಟ್ಟಾದರೆ ಬೆಳಕು ಹತ್ತನೇ ಒಂದು ಭಾಗವಾಗುತ್ತದೆ ಎಂಬ ಬೆಲೆಯನ್ನೂ ಹೇಳಬೇಕು. ಒಳ್ಳೆಯ ಬಿಸಿಲಿನಲ್ಲಿ ಮೊಬೈಲ್ ತಾನೇ ವೇಗದ ಶಟರ್ ಆರಿಸಿಕೊಳ್ಳುತ್ತದೆ. ನೆರಳಿನಲ್ಲಿ ಅದಕ್ಕೆ ಬೆಳಕು ಸಾಲದೆ ಸಂಕೇತವನ್ನು ಹಿಗ್ಗಿಸುತ್ತದೆ, ಆಗ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಳುಕಾಳು ಕಾಣುತ್ತದೆ.

ಮೂರನೇ ಅವಧಿ: ಚಿತ್ರ ಸುಧಾರಣೆ

ಮೊಬೈಲಿನ ಗ್ಯಾಲರಿಯಲ್ಲಿರುವ ತಿದ್ದುವ ಸೌಲಭ್ಯ, ಸ್ನ್ಯಾಪ್‌ಸೀಡ್, ಕಂಪ್ಯೂಟರಿನಲ್ಲಿ ಗಿಂಪ್ ಇವು ಯಾವುವಾದರೂ ಸಾಕು, ಎಲ್ಲವೂ ಉಚಿತ. ಮೂಲ ಚಿತ್ರದ ಪ್ರತಿಯೊಂದನ್ನು ಬೇರೆಯಾಗಿ ಉಳಿಸಿಕೊಳ್ಳುವುದು ಮೊದಲ ನಿಯಮ. ನಂತರದ ಕ್ರಮ: ಬೇಡದ ಅಂಚನ್ನು ಕತ್ತರಿಸುವುದು, ವಾಲಿದ್ದರೆ ನೇರ ಮಾಡುವುದು, ಹೊಳಪು, ಬಣ್ಣದ ಸಮತೋಲ, ಕಾಳು ತಗ್ಗಿಸುವುದು, ಕೊನೆಗೆ ಅಂಚು ಚೂಪುಗೊಳಿಸುವುದು. ಇವುಗಳಲ್ಲಿ ಮೂರನ್ನು ಸಂಖ್ಯೆಗಳಿಂದ ಕಲಿಸಲಾಯಿತು.

ಹೊಳಪು. ಸಾಮಾನ್ಯ ಚಿತ್ರದಲ್ಲಿ ಪ್ರತಿ ಬಣ್ಣದ ಹೊಳಪು 0ಯಿಂದ 255ರವರೆಗಿನ ಸಂಖ್ಯೆ. ನೆರಳಿನಲ್ಲಿ 20, 24, 30 ಎಂದಿರುವ ಮೌಲ್ಯಗಳನ್ನು 40, 48, 60 ಮಾಡಿದರೆ ಮರೆಯಾಗಿದ್ದ ವ್ಯತ್ಯಾಸ ಕಾಣುತ್ತದೆ. ಆದರೆ ಗರಿಯೆಲ್ಲ 255, 255, 255 ಆಗಿಬಿಟ್ಟಿದ್ದರೆ ಅದನ್ನು 200ಕ್ಕೆ ಇಳಿಸಿದರೂ ಸಿಗುವುದು 200, 200, 200. ಬರೀ ಬೂದು, ಗರಿಯಿಲ್ಲ. ಬಿಳಿ ಹಕ್ಕಿಯ ಚಿತ್ರವನ್ನು ಸ್ವಲ್ಪ ಕಡಿಮೆ ಹೊಳಪಿನಲ್ಲೇ ತೆಗೆಯಬೇಕೆಂಬುದಕ್ಕೆ ಇದೇ ಕಾರಣ. ಮುದ್ರಿಸಿದ ಚಿತ್ರದ ಮೇಲೆ 8×8 ಚೌಕ ಎಳೆದು, 64 ಚೌಕಗಳಿಗೂ 0ಯಿಂದ 4ರವರೆಗೆ ಹೊಳಪಿನ ಅಂಕ ಕೊಟ್ಟು ಹಿಸ್ಟೋಗ್ರಾಂ ಬರೆಸಬಹುದು. ಗಣಿತದ ಸಂಖ್ಯಾಶಾಸ್ತ್ರದ ಪಾಠಕ್ಕೆ ಇದು ಸಹಜವಾದ ಕೊಂಡಿ.

ಕಾಳು ತಗ್ಗಿಸುವುದು. ಹಲಗೆಯ ಮೇಲೆ ಒಂದು ಸಾಲು ಬರೆಯಿರಿ: 100, 100, 60, 100, 100. ಪ್ರತಿ ಸಂಖ್ಯೆಯ ಜಾಗದಲ್ಲಿ ಅದರ ಮತ್ತು ಅಕ್ಕಪಕ್ಕದವುಗಳ ಸರಾಸರಿ ಹಾಕಿದರೆ 100, 87, 87, 87, 100 ಆಗುತ್ತದೆ. ಕಪ್ಪು ಚುಕ್ಕೆ ಹರಡಿ ಮಾಯವಾಯಿತು. ಅದು ಬೇಡದ ಕಾಳಾಗಿದ್ದರೆ ಚಿತ್ರ ಸುಧಾರಿಸಿತು. ಆದರೆ ಅದು ಹೆಜ್ಜಾರ್ಲೆಯ ಕೊಕ್ಕಿನ ಮೇಲಿನ ಚುಕ್ಕೆಯಾಗಿದ್ದರೆ? ನಮ್ಮ ಹೆಜ್ಜಾರ್ಲೆಯನ್ನು ಗುರುತಿಸುವುದೇ ಮೇಲ್ಕೊಕ್ಕಿನ ಆ ಚುಕ್ಕೆಗಳ ಸಾಲಿನಿಂದ. 60 ಎಂಬುದು ಕಾಳೋ ಚುಕ್ಕೆಯೋ ಎಂದು ತಂತ್ರಾಂಶಕ್ಕೆ ತಿಳಿಯದು, ಹಕ್ಕಿಯನ್ನು ಕಣ್ಣಾರೆ ನೋಡಿದವನಿಗೆ ತಿಳಿಯುತ್ತದೆ. ಇಡೀ ಘಟಕದಲ್ಲಿ ಮಕ್ಕಳು ಅತಿ ಹೆಚ್ಚು ಹೊತ್ತು ಚರ್ಚಿಸಿದ ಪ್ರಶ್ನೆ ಇದು.

ಮಾಹಿತಿ ಕಳೆಯದೆ ಕಾಳು ತಗ್ಗಿಸುವ ಪ್ರಾಮಾಣಿಕ ದಾರಿಯೊಂದಿದೆ. ಪ್ರಯೋಗಶಾಲೆಯಲ್ಲಿ ಲೋಲಕದ ಅವಧಿಯನ್ನು ಹಲವು ಬಾರಿ ಅಳೆದು ಸರಾಸರಿ ತೆಗೆಯುವಂತೆ, ಅಲುಗದೆ ಕೂತ ಹಕ್ಕಿಯ ಹಲವು ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಸರಾಸರಿ ತೆಗೆಯುವುದು. 4 ಚಿತ್ರಗಳಿಂದ ಕಾಳು ಅರ್ಧಕ್ಕೆ, 16 ಚಿತ್ರಗಳಿಂದ ಕಾಲು ಭಾಗಕ್ಕೆ ಇಳಿಯುತ್ತದೆ. ಕಾಳು ಪ್ರತಿ ಚಿತ್ರದಲ್ಲೂ ಬೇರೆ ಜಾಗದಲ್ಲಿರುತ್ತದೆ, ಕೊಕ್ಕಿನ ಚುಕ್ಕೆ ಅದೇ ಜಾಗದಲ್ಲಿರುತ್ತದೆ. ಗಿಂಪ್‌ನಲ್ಲಿ ನಾಲ್ಕು ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಶೇ. 100, 50, 33, 25 ಗಾಢತೆಯಲ್ಲಿಟ್ಟರೆ ಸರಾಸರಿ ಸಿಗುತ್ತದೆ.

ಚೂಪುಗೊಳಿಸುವುದು. 50, 50, 50, 200, 200, 200 ಎಂಬ ಸಾಲು 50, 50, 20, 230, 200, 200 ಆದರೆ ಅಂಚು ಎದ್ದು ಕಾಣುತ್ತದೆ. ಹೊಸ ಗರಿಯೇನೂ ಹುಟ್ಟಲಿಲ್ಲ, ಇದ್ದ ಅಂಚಿನ ಎರಡು ಬದಿಯ ಅಂತರ ಹೆಚ್ಚಿತು ಅಷ್ಟೆ. ಅತಿಯಾದರೆ ಹಕ್ಕಿಯ ಸುತ್ತ ಬಿಳಿ ಗೆರೆ ಮೂಡುತ್ತದೆ.

ಗೆರೆ ಎಲ್ಲಿ ಎಳೆಯಬೇಕು?

ಬಣ್ಣದ ಕೊಕ್ಕರೆಯ ಬೆನ್ನ ತುದಿಯ ಗುಲಾಬಿ ಗರಿ ಮಕ್ಕಳಿಗೆಲ್ಲ ಇಷ್ಟ. ಅಭ್ಯಾಸಕ್ಕೆ ಕೊಟ್ಟ ಕೊಕ್ಕರೆ ಚಿತ್ರದಲ್ಲಿ ಬಹುತೇಕ ಗುಂಪುಗಳು ಮೊದಲು ಮಾಡಿದ್ದು ಆ ಗುಲಾಬಿಯನ್ನು ಏರಿಸುವ ಕೆಲಸ. ಅದನ್ನು ತಪ್ಪೆನ್ನದೆ ಒಂದು ಮಾಹಿತಿ ಕೊಡಲಾಯಿತು: ಸಂತಾನಕಾಲದಲ್ಲಿ ಈ ಹಕ್ಕಿಯ ಬಣ್ಣ ತಾನಾಗಿಯೇ ಗಾಢವಾಗುತ್ತದೆ. ಹಾಗಾದರೆ ಬಣ್ಣ ಏರಿಸಿದ ಚಿತ್ರ ನೋಡಿದವರು ಹಕ್ಕಿಯ ಬಗ್ಗೆ ಏನು ತಿಳಿಯುತ್ತಾರೆ? ಚಿತ್ರ ಸುಂದರವಾಯಿತು, ಸಾಕ್ಷಿ ಕೆಟ್ಟಿತು ಎಂಬಲ್ಲಿಗೆ ತರಗತಿಯೇ ಬಂದು ನಿಂತಿತು.

ಈ ಚರ್ಚೆಯಿಂದ ಮೂರು ಪ್ರಶ್ನೆಗಳ ಒಂದು ಪರೀಕ್ಷೆ ರೂಪುಗೊಂಡಿತು. ಒಂದು, ಈಗ ಕಾಣುತ್ತಿರುವುದು ಆ ಕ್ಷಣದ ಬೆಳಕು ತಂದದ್ದೇ? ಎರಡು, ಈ ಬದಲಾವಣೆಯಿಂದ ಹಕ್ಕಿಯ ಗುರುತು, ವಯಸ್ಸು, ಆರೋಗ್ಯ, ನಡವಳಿಕೆಯ ಬಗ್ಗೆ ನೋಡುಗರ ತೀರ್ಮಾನ ಬದಲಾಗುತ್ತದೆಯೇ? ಮೂರು, ಮಾಡಿದ್ದನ್ನೆಲ್ಲ ಚಿತ್ರದ ಅಡಿಬರಹದಲ್ಲಿ ಹಿಂಜರಿಕೆಯಿಲ್ಲದೆ ಬರೆಯಬಹುದೇ? ಈ ಪರೀಕ್ಷೆಯಲ್ಲಿ ಅಂಚು ಕತ್ತರಿಸುವುದು, ಹೊಳಪು ಸರಿಪಡಿಸುವುದು ಪಾಸಾಗುತ್ತವೆ. ಮುಖಕ್ಕೆ ಅಡ್ಡ ಬಂದ ರೆಂಬೆಯನ್ನು ಅಳಿಸುವುದು, ಇನ್ನೊಂದು ಹಕ್ಕಿಯನ್ನು ಅಂಟಿಸುವುದು ಫೇಲಾಗುತ್ತವೆ. ಮಸುಕಾದ ಹಕ್ಕಿಗೆ ಕೃತಕ ಬುದ್ಧಿಮತ್ತೆಯಿಂದ ಗರಿ ಬರೆಸುವುದೂ ಫೇಲು. ಆ ಗರಿ ಈ ಹಕ್ಕಿಯದಲ್ಲ, ಬೇರೆ ಸಾವಿರಾರು ಚಿತ್ರಗಳಿಂದ ಕಲಿತ ಊಹೆ. ಅಂತಾರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಫಿಯಾಪ್ ಮತ್ತಿತರ ಸಂಸ್ಥೆಗಳು ಒಪ್ಪಿರುವ ನಿಸರ್ಗ ಛಾಯಾಗ್ರಹಣದ ವ್ಯಾಖ್ಯಾನವೂ ಕತ್ತರಿಸುವುದನ್ನು ಬಿಟ್ಟು ಸೇರಿಸುವ, ತೆಗೆಯುವ, ಸ್ಥಳ ಬದಲಿಸುವ ತಿದ್ದುಪಡಿಗಳನ್ನು ಒಪ್ಪುವುದಿಲ್ಲ.

ಹತ್ತಿರ ಹೋಗುವ ಪ್ರಶ್ನೆ

ಮೊದಲ ಅವಧಿಯಲ್ಲಿ ಹಲಗೆಯ ಮೂಲೆಯಲ್ಲಿ ಬರೆದಿಟ್ಟ ಮಾತಿಗೆ ಈಗ ಮರಳಬಹುದು. ಸೂತ್ರ ಹತ್ತಿರ ಹೋಗು ಎನ್ನುತ್ತದೆ, ಆದರೆ ಸೂತ್ರದಲ್ಲಿ ಹಕ್ಕಿಗೆ ಆಗುವ ನಷ್ಟದ ಪದವಿಲ್ಲ. ಗೂಡಿನಿಂದ ತಾಯಿ ಎದ್ದರೆ ಮೊಟ್ಟೆ, ಮರಿಗಳು ಬಿಸಿಲಿಗೆ ಬೀಳುತ್ತವೆ, ಕಾಗೆ ಹದ್ದುಗಳಿಗೆ ದಾರಿಯಾಗುತ್ತದೆ. ಹಾರುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟುವುದು, ಕಲ್ಲೆಸೆಯುವುದು ಈ ಕಾರಣಕ್ಕೇ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥವಿವರಣೆಯೊಳಗೆ ಕಾಡುಹಕ್ಕಿಯ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ ಎಂದು ತಿಳಿಸಿದಾಗ ಮಕ್ಕಳಿಗೆ ಆಶ್ಚರ್ಯವಾಯಿತು. ಬೇಟೆಗೆ ಬಂದೂಕೇ ಬೇಕೆಂದೇನಿಲ್ಲ.

ಪಾಲಿಸಬೇಕಾದ್ದು ಇಷ್ಟು: ಹಕ್ಕಿ ತಲೆಯೆತ್ತಿ ನಮ್ಮನ್ನೇ ನೋಡತೊಡಗಿದರೆ ಅಲ್ಲೇ ನಿಲ್ಲುವುದು, ಎದ್ದು ನಿಂತರೆ ಹಿಂದೆ ಸರಿಯುವುದು, ಫ್ಲ್ಯಾಶ್ ಹಾಕದಿರುವುದು, ಧ್ವನಿಮುದ್ರಿತ ಕೂಗು ಕೇಳಿಸಿ ಕರೆಯದಿರುವುದು, ಗೂಡಿಗೆ ಅಡ್ಡವಿರುವ ಎಲೆ, ರೆಂಬೆ ಕೀಳದಿರುವುದು. ಊರೊಳಗಿನ ಮರವಾದರೆ ಮನೆಯವರನ್ನು ಕೇಳುವುದು. “ಅಜ್ಜಿ, ನಿಮ್ಮ ಜಗಲಿ ಮೇಲೆ ನಿಂತ್ಕೊಂಡು ಒಂದು ಫೋಟೋ ತಕ್ಕೊಳ್ಳಾ?” ಎಂದು ಕೇಳುವ ಅಭ್ಯಾಸವನ್ನು ತರಗತಿಯಲ್ಲೇ ಪಾತ್ರಾಭಿನಯದ ಮೂಲಕ ಮಾಡಿಸಲಾಯಿತು. ಕೊಕ್ಕರೆ ಬೆಳ್ಳೂರಿನಂಥ ಕಡೆ ಹಕ್ಕಿ ಉಳಿದಿರುವುದು ಆ ಜಗಲಿಯವರ ತಾಳ್ಮೆಯಿಂದ ಎಂಬುದು ಇದರಿಂದ ತಿಳಿಯುತ್ತದೆ.

ಮೌಲ್ಯಮಾಪನ

ಲಿಖಿತ ಪ್ರಶ್ನೆ: 1.5 ಮೀಟರ್ ಉದ್ದದ ಹೆಜ್ಜಾರ್ಲೆ 30 ಮೀಟರ್ ದೂರದಲ್ಲಿದೆ. ಮಸೂರದ ಸಂಗಮದೂರ 6 ಮಿ.ಮೀ., ಪಿಕ್ಸೆಲ್ ಅಗಲ 1 ಮೈಕ್ರೋಮೀಟರ್ ಆದರೆ ಹಕ್ಕಿಗೆ ಎಷ್ಟು ಪಿಕ್ಸೆಲ್ ಸಿಗುತ್ತದೆ? (ಉತ್ತರ: 0.3 ಮಿ.ಮೀ., 300 ಪಿಕ್ಸೆಲ್.) ಮೌಖಿಕ ಪ್ರಶ್ನೆ: ಎರಡು ಚಿತ್ರಗಳನ್ನು ತೋರಿಸಿ ಯಾವುದು ದಾಖಲೆಯಾಗಬಲ್ಲುದು, ಏಕೆ?

ಪ್ರತಿ ಗುಂಪು ಒಂದು ಚಿತ್ರವನ್ನು ಅಡಿಬರಹದೊಂದಿಗೆ ಒಪ್ಪಿಸಬೇಕು. ಹಕ್ಕಿಯ ಹೆಸರು, ದಿನಾಂಕ, ಹೊತ್ತು, ಊರು, ಅಂದಾಜು ದೂರ, ಬಳಸಿದ ಉಪಕರಣ, ಮಾಡಿದ ತಿದ್ದುಪಡಿ ಅದರಲ್ಲಿರಬೇಕು. ಗೂಡಿನ ನಿಖರ ಜಾಗ ಬರೆಯಬಾರದು. ಅಂಕಗಳನ್ನು ಅಡಿಬರಹದ ಪೂರ್ಣತೆ, ಕಾರಣ ವಿವರಿಸುವ ಶಕ್ತಿ, ಹೊರಾಂಗಣದ ನಡವಳಿಕೆ ಇವಕ್ಕೆ ಸಮವಾಗಿ ಹಂಚುವುದು ಸೂಕ್ತ. ಚಿತ್ರದ ಅಂದಕ್ಕೆ ಅಂಕ ಇಡಬಾರದು. ಇಟ್ಟರೆ ಒಳ್ಳೆಯ ಮೊಬೈಲ್ ಇದ್ದವರಿಗೂ ಹಕ್ಕಿಯ ಹತ್ತಿರ ನುಗ್ಗಿದವರಿಗೂ ಬಹುಮಾನ ಕೊಟ್ಟಂತಾಗುತ್ತದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಘಟಕವನ್ನು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಯೋಜಿಸಿದರೆ ಗದ್ದೆ, ಕೆರೆಗಳಲ್ಲಿ ಹಕ್ಕಿಗಳು ಹೆಚ್ಚು ಸಿಗುತ್ತವೆ. ಫೆಬ್ರವರಿಯಲ್ಲಿ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ ಶಾಲೆಯೂ ಭಾಗವಹಿಸಬಹುದು. ಮಕ್ಕಳು ನೋಡಿದ ಹಕ್ಕಿಗಳ ಪಟ್ಟಿ, ಚಿತ್ರಗಳು ಇ-ಬರ್ಡ್ ದಾಖಲೆಗೆ ಸೇರುತ್ತವೆ. ಹಕ್ಕಿಗಳ ಕನ್ನಡ ಹೆಸರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಶಾಲಾ ಗ್ರಂಥಾಲಯದಲ್ಲಿದ್ದರೆ ಬಹಳ ಅನುಕೂಲ. ಮೂರು ಅವಧಿ ಸಿಗದಿದ್ದರೆ ಸುಧಾರಣೆಯ ಹಂತಗಳನ್ನು ಮೊಟಕುಗೊಳಿಸಿ, 100, 100, 60, 100, 100 ಎಂಬ ಸಾಲನ್ನು ಮಾತ್ರ ಬಿಡಬೇಡಿ. ಆ 60 ಕಾಳೋ ಚುಕ್ಕೆಯೋ ಎಂದು ಕೇಳಿದ ಮಗು ಮುಂದಿನ ಸಲ ಹಕ್ಕಿಯನ್ನು ಇನ್ನಷ್ಟು ಗಮನವಿಟ್ಟು ನೋಡುತ್ತದೆ.